ಗುಂಡು ಹಾರುವ ಮೊದಲೇ ಮಾಯ

ನಮ್ಮ ಪಕ್ಕದ ಮನೆಯ ತಾತ ಅಮೆರಿಕದ ಟೀವಿಯಲ್ಲಿ ಹದಿನಾರು ವರ್ಷ ಕೌಬಾಯ್ ಸೀರಿಯಲ್ಲುಗಳಲ್ಲಿ ನಟಿಸಿದವರು. ಆ ಹದಿನಾರು ವರ್ಷಗಳಲ್ಲಿ ಅವರು ಒಂದು ಸಲವೂ ಕುದುರೆ ಹತ್ತಲಿಲ್ಲ, ಒಂದು ಗುಂಡೂ ಹಾರಿಸಲಿಲ್ಲ, ತಲೆಗೊಂದು ಟೋಪಿ ಕೂಡ ಇಡಲಿಲ್ಲ! ಹಾಗಾದರೆ ಮಾಡಿದ್ದೇನು? ಗ್ಲಾಸು ಒರೆಸಿದರು. ಬಂದೂಕಿನ ಸದ್ದಾದಾಗ ಕೌಂಟರಿನ ಕೆಳಗೆ ಬಗ್ಗಿದರು. ಸದ್ದು ನಿಂತ ಮೇಲೆ ಎದ್ದು ಮತ್ತೆ ಅದೇ ಗ್ಲಾಸು ಒರೆಸಿದರು. ಅವರದು ಬಾರಿನವನ ಪಾತ್ರ.

ನಿಜ ಹೇಳಬೇಕೆಂದರೆ ನಾನು ಬರೆಯಲು ಕೂತದ್ದು ಇವರ ಬಗ್ಗೆ ಅಲ್ಲ. ಕೊರೋನಾದ ಎರಡನೆಯ ವರ್ಷ ಮೈಸೂರಿನಲ್ಲಿ ತೀರಿಕೊಂಡ ನನ್ನ ಅಣ್ಣನ ಬಗ್ಗೆ. ‘ನನ್ನ ಅಣ್ಣ’ ಎಂದು ಬರೆದು ಕಾಯುತ್ತೇನೆ, ಮುಂದಿನ ಪದ ಬರುವುದಿಲ್ಲ. ಅದರ ಬದಲು ಈ ತಾತ ಬಂದು ನಿಲ್ಲುತ್ತಾರೆ. ಬರಲಿ ಬಿಡಿ.

ನಾವಿರುವುದು ಡಬ್ಲಿನ್ನಿನ ಅಂಚಿನಲ್ಲಿ, ಕ್ಯಾಸಲ್‌ನಾಕ್‌ನಲ್ಲಿ. ನಮ್ಮ ಮನೆಗೂ ಅವರ ಮನೆಗೂ ನಡುವೆ, ಮುಂಭಾಗದಲ್ಲಿ, ಸೊಂಟದೆತ್ತರದ ಗೋಡೆ. ಆ ಲಾಕ್‌ಡೌನ್ ದಿನಗಳಲ್ಲಿ ರಸ್ತೆಯಲ್ಲಿ ಕಾರುಗಳೇ ಇರಲಿಲ್ಲ. ರಾತ್ರಿ ಒಂಬತ್ತಾದರೂ ಬಿಸಿಲಿಗೆ ಮನೆಗೆ ಹೋಗುವ ಮನಸ್ಸಿರಲಿಲ್ಲ. ಯಾವ ವಾರ, ಯಾವ ತಿಂಗಳು ಎಂಬುದೆಲ್ಲ ನೆನೆದ ಕಾಗದದ ಹಾಗೆ ಒಂದಕ್ಕೊಂದು ಅಂಟಿಕೊಂಡಿತ್ತು. ಆ ಬಿಸಿಲಿನಲ್ಲಿ ತಾತ ಗೋಡೆಯಾಚೆ ಕುರ್ಚಿ ಹಾಕಿಕೊಂಡು ತಮ್ಮ ಕಥೆ ಹೇಳುತ್ತಿದ್ದರು. ಹೇಳುತ್ತಿದ್ದದ್ದು ಇಂಗ್ಲಿಷಿನಲ್ಲಿ, ನನಗೆ ನೆನಪಿರುವುದು ಕನ್ನಡದಲ್ಲಿ.

ಅವರು ಐರ್ಲೆಂಡಿನ ಪಶ್ಚಿಮ ತೀರದ ಒಂದು ಹಳ್ಳಿಯವರು. ಹತ್ತೊಂಬತ್ತನೆಯ ವಯಸ್ಸಿಗೆ ಅಮೆರಿಕದಲ್ಲಿದ್ದ ಸೋದರತ್ತೆಯ ಮನೆಗೆ ಹೋದರಂತೆ. ಬಾರಿಗೆ ಆಳು ಬೇಕಾಗಿದೆ ಎಂದು ಯಾರೋ ಹೇಳಿದ್ದನ್ನು ನಂಬಿ ಒಂದು ಕ್ಯೂನಲ್ಲಿ ನಿಂತರು. ಗ್ಲಾಸು ಕೊಟ್ಟು ‘ಒರೆಸು’ ಎಂದರು, ಒರೆಸಿದರು, ಕೆಲಸ ಸಿಕ್ಕಿತು. ಸುತ್ತ ನಿಂತವರೆಲ್ಲ ಯಾಕೆ ಬಣ್ಣ ಹಚ್ಚಿಕೊಂಡಿದ್ದಾರೆ ಎಂದು ಕೇಳುವ ಬುದ್ಧಿ ಆಗ ಇರಲಿಲ್ಲವಂತೆ. ಮೊದಲ ದಿನ ಗಿರಾಕಿಯೊಬ್ಬ ಗ್ಲಾಸು ಬಾಯಿಗಿಡುವಷ್ಟರಲ್ಲಿ ಇವರಿಗೆ ವಾಸನೆ ಬಡಿಯಿತು. ಗ್ಲಾಸು ಕಿತ್ತುಕೊಂಡು, “ಕುಡೀಬೇಡಿ ಸಾರ್, ಇದು ವಿಸ್ಕಿಯಲ್ಲ, ಆರಿದ ಟೀ! ಮಾಲೀಕರನ್ನ ಕರೀರಿ!” ಎಂದು ಕೂಗಿದರು. ಕಿತ್ತುಕೊಂಡದ್ದು ಹೀರೋನ ಕೈಯಿಂದ. ಕ್ಯಾಮೆರಾ ಓಡುತ್ತಿತ್ತು!

ಆದರೂ ಅವರನ್ನು ತೆಗೆದುಹಾಕಲಿಲ್ಲ. ಅಷ್ಟು ಚೆನ್ನಾಗಿ ಗ್ಲಾಸು ಒರೆಸುವವರು ಬೇರೆ ಸಿಗಲಿಲ್ಲವೇನೋ. ಒಂದು ಸೀರಿಯಲ್ ಮುಗಿದರೆ ಇನ್ನೊಂದು, ಒಂದು ಊರಿನ ಬಾರು ಮುಚ್ಚಿದರೆ ಮತ್ತೊಂದು ಊರಿನದು. ಒಮ್ಮೆ ಕಥೆ ಬರೆಯುವವರಿಗೆ ಏನು ತಲೆಕೆಟ್ಟಿತೋ, ಬಾರಿನವನನ್ನೇ ಕೊಂದುಬಿಟ್ಟರು. ಕೆಲಸ ಹೋಯಿತೆಂದು ತಾತ ಅತ್ತೆಯ ಮನೆಯಲ್ಲಿ ಕೂತು ಅತ್ತರಂತೆ. ಮುಂದಿನ ವಾರ ಬೇರೆ ಯಾರೂ ಸಿಗದೆ ಇವರನ್ನೇ ಕರೆದು ಅದೇ ಕೌಂಟರಿನ ಹಿಂದೆ ನಿಲ್ಲಿಸಿದರು.

“ಸತ್ತೋನು ಹ್ಯಾಗೆ ಎದ್ದು ಬಂದ ಅಂತ ಒಬ್ಬರಾದ್ರೂ ಕಾಗದ ಬರೀಬೇಕಲ್ವಾ ಮಿಸಸ್? ಅಷ್ಟು ದೊಡ್ಡ ಅಮೆರಿಕದಲ್ಲಿ ಒಬ್ಬರೂ ಕೇಳ್ಲಿಲ್ಲ!” ಸತ್ತದ್ದಕ್ಕಿಂತ ಅವರಿಗೆ ಆ ನೋವೇ ಹೆಚ್ಚು.

ಕೊರೋನಾ ಬಂದು ಊರೆಲ್ಲ ಸಾಮಾನು ಒರೆಸಲು ಶುರು ಮಾಡಿದಾಗ ತಾತನಿಗೆ ಮತ್ತೆ ಯೌವನ ಬಂತು. ವಾರಕ್ಕೊಮ್ಮೆ ನಾನು ಅವರ ದಿನಸಿ ತಂದು ಗೋಡೆಯ ಮೇಲಿಡುತ್ತಿದ್ದೆ. ಹೆಗಲ ಮೇಲಿನ ಬಟ್ಟೆ ತೆಗೆದು ಹಾಲಿನ ಡಬ್ಬ, ಮೊಟ್ಟೆ, ಆಲೂಗಡ್ಡೆ ಎಲ್ಲವನ್ನೂ ಒಂದೊಂದಾಗಿ ಒರೆಸಿ, ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುವರು. ಮನೆಯಿಂದಲೇ ಆಫೀಸು ಮಾಡುತ್ತಿದ್ದ ನನ್ನ ಗಂಡ ಕಿಟಕಿಯಿಂದ ಇಣುಕಿ, “ಏಯ್, ನೋಡು ಬಾರೇ, ಆಲೂಗಡ್ಡೆ ಆಚೆ ಏನಾದ್ರೂ ಕಾಣುತ್ತಾ ಅಂತ ನೋಡ್ತಾ ಅವ್ರೆ!” ಎನ್ನುತ್ತಿದ್ದ. ಏಳು ವರ್ಷದ ಮಗಳು ಅಪ್ಪನನ್ನು ಗದರುತ್ತಿದ್ದಳು: “ಲೀವ್ ಹಿಮ್ ಅಲೋನ್, ಅಪ್ಪಾ. ತಾತ ಈಸ್ ಗ್ರ್ಯಾಂಡ್!”

ಇನ್ನು ಕುದುರೆ. ಕುದುರೆಯೆಂದರೆ ಅವರಿಗೆ ಈಗಲೂ ಪ್ರಾಣಭಯ! ಮನೆಯಿಂದ ಐದು ಕಿಲೋಮೀಟರ್ ದಾಟಬಾರದೆಂಬ ನಿಯಮವಿದ್ದ ಕಾಲದಲ್ಲಿ, ನಾವಿಬ್ಬರೂ ಎರಡು ಮೀಟರ್ ಅಂತರ ಬಿಟ್ಟು ಫೀನಿಕ್ಸ್ ಪಾರ್ಕಿನಲ್ಲಿ ನಡೆಯುತ್ತಿದ್ದೆವು. ಮಂಜಿನೊಳಗಿಂದ ಇಬ್ಬರು ಕುದುರೆ ಪೊಲೀಸರು ಕನಸಿನಲ್ಲಿ ಬಂದಂತೆ ಬಂದರು. ತಿರುಗಿ ನೋಡಿದರೆ ತಾತ ಇಲ್ಲ, ಪೊದೆ ಅಲ್ಲಾಡುತ್ತಿದೆ.

“ಸರ್, ನಿಮ್ಮ ಮನೆ ತುಂಬಾ ದೂರಾನಾ?” ಎಂದು ಪೊಲೀಸಿನ ಹುಡುಗಿ ಪೊದೆಯನ್ನು ಕೇಳಿದಳು.

“ಇಲ್ಲೇ ಹತ್ತು ನಿಮಿಷ,” ಎಂದಿತು ಪೊದೆ.

“ಮತ್ತೆ ನಮ್ಮನ್ನ ನೋಡಿ ಯಾಕೆ ಅಡಗಿಕೊಂಡ್ರಿ?”

“ನಿಮ್ಮನ್ನ ನೋಡಿ ಅಲ್ಲಮ್ಮ. ನಿಮ್ಮ ಕೆಳಗಿರೋರನ್ನ ನೋಡಿ!”

ನಮ್ಮ ಕುಕ್ಕರ್ ಕೂಡ ಅವರ ಪಾಲಿಗೆ ಬಂದೂಕೇ. ನಮ್ಮ ಅಡುಗೆಮನೆಯ ಕಿಟಕಿ ಮುಂಭಾಗಕ್ಕಿದೆ. ಸಂಜೆ ಬೇಳೆಗಿಟ್ಟರೆ ಮೂರು ಸೀಟಿ. ಮೊದಲ ದಿನ ನಿಜವಾಗಿಯೂ ಬೆಚ್ಚಿ ಗೋಡೆಯ ಹಿಂದೆ ಕುಕ್ಕರಗಾಲಿನಲ್ಲಿ ಕೂತಿದ್ದರು. ಆಮೇಲೆ ಅದೊಂದು ಆಟವಾಯಿತು. ಮೂರನೆಯ ಸೀಟಿ ಮುಗಿದ ಮೇಲೆ ಬಿಳಿಯ ಕೂದಲು ಮೊದಲು, ಎರಡು ಕಣ್ಣು ಆಮೇಲೆ ಗೋಡೆಯ ಮೇಲೆ ಉದಯವಾಗಿ ಕೇಳುತ್ತಿದ್ದವು: “ಕಳ್ಳರು ಹೋದ್ರಾ?” ಮಗಳು ಬಿದ್ದು ಬಿದ್ದು ನಗುತ್ತಿದ್ದಳು.

ಮೇ ತಿಂಗಳ ಒಂದು ಬೆಳಿಗ್ಗೆ ಮೈಸೂರಿನಿಂದ ಫೋನ್ ಬಂತು. ಅಣ್ಣ ಹೋದ. ನಾನು ಹೋಗುವ ಹಾಗಿರಲಿಲ್ಲ. ಅತ್ತಿಗೆಯ ತಮ್ಮ ಫೋನನ್ನು ಎತ್ತಿ ಹಿಡಿದು ಅಂತ್ಯಕ್ರಿಯೆ ತೋರಿಸಿದ. ಚಿತ್ರ ಎರಡು ಸಲ ನಿಂತು ಮತ್ತೆ ಚಲಿಸಿತು. ಮೂರನೆಯ ಸಲ ನಿಂತದ್ದು ನಿಂತೇ ಹೋಯಿತು. ನನಗೆ ಅಳು ಬರಲಿಲ್ಲ. “ಏನಾದ್ರೂ ಮಾತಾಡೇ, ಹಿಂಗೆ ಕೂತ್ಕೋಬೇಡ್ವೇ,” ಎಂದು ಗಂಡ ಅಂಗಲಾಚಿದ. ಏನು ಮಾತಾಡಲಿ? ಬಾಯಿ ಬಿಟ್ಟು ಅಣ್ಣನ ಬಗ್ಗೆ ‘ಇದ್ದ’ ಎಂದುಬಿಟ್ಟರೆ ಅವನು ಇಲ್ಲ ಎಂದು ನಾನೇ ಒಪ್ಪಿದಂತೆ. ಒಪ್ಪುವುದಿಲ್ಲವೆಂದು ಬಾಯಿ ಮುಚ್ಚಿಕೊಂಡೆ. ಗಂಡ ಮೂರು ದಿನ ಬ್ರೆಡ್ಡು, ಹಾಲು ಕೊಟ್ಟ. ಕುಕ್ಕರ್ ಒಲೆ ಏರಲಿಲ್ಲ.

ನಾಲ್ಕನೆಯ ಸಂಜೆ ತಾತ ಗೋಡೆಯ ಬಳಿ ನಿಂತಿದ್ದರು.

“ಮಿಸಸ್, ಮೂರು ದಿನದಿಂದ ನಿಮ್ಮನೇಲಿ ಗುಂಡು ಹಾರಿಲ್ಲ. ಯಾರು ಹೋದ್ರು?”

“ಅಣ್ಣ,” ಎಂದೆ.

ಅವರು ಒಳಗೆ ಹೋಗಿ ಇನ್ನೊಂದು ಕುರ್ಚಿ ತಂದು, ಗೋಡೆಯ ಮೇಲಿಂದ ನಮ್ಮ ಕಡೆಗೆ ಇಳಿಸಿದರು.

“ನಮ್ಮ ಕಡೆ ಸಾವಾದ್ರೆ ಊರೋರೆಲ್ಲ ಆ ಮನೆಗೆ ಹೋಗಿ ಕೂತ್ಕೋತೀವಿ. ಟೀ ಕುಡೀತೀವಿ, ಹೋದೋರ ವಿಷ್ಯ ಹೇಳ್ಕೊಂಡು ನಗ್ತೀವಿ, ಅಳ್ತೀವಿ. ಈಗ ನಾನು ಒಳಗೆ ಬರೋ ಹಾಗಿಲ್ಲ. ನೀವೇ ಆಚೆ ಕೂತ್ಕೊಳ್ಳಿ. ಹೇಳಿ, ನಿಮ್ಮಣ್ಣ ಎಂಥವನು?”

“ಒಳ್ಳೆಯವನು.”

“ಹೋದೋರೆಲ್ಲ ಒಳ್ಳೆಯವರೇ. ಬಾಗಿಲಲ್ಲಿ ಹ್ಯಾಗೆ ಬರ್ತಾನೆ, ಅದು ಹೇಳಿ.”

ನನಗೆ ಅರ್ಥವಾಗಲಿಲ್ಲ. ಆಗ ತಾತ, ಅದುವರೆಗೆ ಒಮ್ಮೆಯೂ ಹೇಳದಿದ್ದ ಮಾತೊಂದನ್ನು ಹೇಳಿದರು. ಗ್ಲಾಸು ಒರೆಸುವುದು ಅವರ ನಿಜವಾದ ಕೆಲಸವಾಗಿರಲಿಲ್ಲವಂತೆ. ಬಾಗಿಲ ಕಡೆ ನೋಡುವುದು ಅವರ ಕೆಲಸ. ಬಂದವನು ಯಾರೆಂದು ಟೀವಿ ನೋಡುವ ಜನಕ್ಕೆ ಕಾಣುವ ಮೊದಲು ಬಾರಿನವನ ಮುಖದಲ್ಲಿ ಕಾಣಬೇಕು. ಕಳ್ಳನೋ, ಪೊಲೀಸಿನವನೋ, ಹತ್ತು ವರ್ಷದ ಮೇಲೆ ಊರಿಗೆ ಮರಳಿದ ಗೆಳೆಯನೋ.

“ಆದ್ರೆ ನಾನು ನೋಡುವಾಗ ಆ ಬಾಗಿಲಲ್ಲಿ ಯಾರೂ ಇರ್ತಿರ್ಲಿಲ್ಲ ಮಿಸಸ್. ಹೀರೋ ಎಲ್ಲೋ ಊಟ ಮಾಡ್ತಿರೋನು. ಆಚೆ ಬಯಲು ಅನ್ನೋದು ಬಟ್ಟೆ ಮೇಲೆ ಬರೆದ ಬಣ್ಣ. ಬರೀ ಜಾಗ ನೋಡಿ, ಬಂದ ಅಂತ ನಂಬಬೇಕು. ಅದಕ್ಕೇ ಮೊದಲು ಕೇಳ್ಕೋತಿದ್ದೆ, ಹ್ಯಾಗೆ ಬರ್ತಾನೆ ಅಂತ.”

ಹೇಳಿದೆ. ಮೊದಲು ತಡೆತಡೆದು, ಆಮೇಲೆ ನಿಲ್ಲಿಸಲಾಗದೆ. ಮೈಸೂರಿನ ನಮ್ಮ ಮನೆಗೆ ಭಾನುವಾರ ಹನ್ನೆರಡಕ್ಕೆ ಊಟಕ್ಕೆ ಬರುತ್ತೇನೆಂದು ಹೇಳಿ ಎರಡು ಗಂಟೆಗೆ ಬರುತ್ತಾನೆ. ಪೆಟ್ರೋಲು ಉಳಿಯಲೆಂದು ಬೀದಿಯ ತಿರುವಿನಲ್ಲೇ ಸ್ಕೂಟರ್ ಆಫ್ ಮಾಡಿ, ಸದ್ದಿಲ್ಲದೆ ಉರುಳಿಸಿಕೊಂಡು ಬಂದು, ಗೇಟನ್ನು ಕಾಲಿನಲ್ಲಿ ತಳ್ಳುತ್ತಾನೆ. ಕೈ ಖಾಲಿಯಿರುವುದಿಲ್ಲವಲ್ಲ! ಹೆಲ್ಮೆಟ್ಟಿನ ತುಂಬ ನೇರಳೆಹಣ್ಣು. ಬೆಲ್ ಒತ್ತಿದವನಲ್ಲ. “ಎಲ್ಲೇ ಕೋತಿ? ಬಡಿಸು, ಹಸಿವು!” ಎಂದು ಹೊರಗಿನಿಂದಲೇ ಕೂಗು. ತಲೆಯಲ್ಲಿರಬೇಕಾದ ಹೆಲ್ಮೆಟ್ಟು ಕೈಯಲ್ಲೇಕೆ ಎಂದು ಪೊಲೀಸು ಹಿಡಿದರೆ, ಅವನಿಗೂ ಒಂದು ಮುಷ್ಟಿ ನೇರಳೆ. ಹೇಳುತ್ತಾ ಹೇಳುತ್ತಾ ನನಗೆ ನಗು ಬಂದುಬಿಟ್ಟಿತು.

ತಾತ ನಗಲಿಲ್ಲ. ಅವರ ಕಣ್ಣು ಮೆಲ್ಲಗೆ ಮೇಲೆದ್ದು ನನ್ನ ಹೆಗಲ ಮೇಲಿಂದ ನಮ್ಮ ಗೇಟಿನ ಕಡೆ ಹೋಯಿತು. ಮೊದಲು ಬಿಸಿಲಿಗೆ ಕಣ್ಣು ಕಿರಿದು ಮಾಡಿದರು. ಆಮೇಲೆ, ಯಾವಾಗಲೂ ತಡವಾಗಿ ಬರುವವನನ್ನು ಕಂಡಾಗಿನ ಸಣ್ಣ ಮುನಿಸು ಹುಬ್ಬಿನಲ್ಲಿ ಮೂಡಿತು. ನೋಟ ಸ್ವಲ್ಪ ಕೆಳಗಿಳಿದು, ಬಂದವನ ಕೈಯಲ್ಲಿದ್ದುದನ್ನು ನೋಡಿತು. ತಡೆಯಲು ನೋಡಿದರೂ ತಡೆಯಲಾಗದೆ ನಗು ತುಟಿಯ ಒಂದು ಮೂಲೆಯಿಂದ ಹೊರಟು ಮುಖವೆಲ್ಲ ಹರಡಿತು.

ಅಲ್ಲಿ ಯಾರೂ ಇಲ್ಲವೆಂದು ನನಗೆ ಗೊತ್ತಿತ್ತು. ಆದರೂ ಕುರ್ಚಿಯಲ್ಲೇ ತಿರುಗಿದೆ.

“ಈಗ ಬಂದ್ಯೇನೋ? ಎಷ್ಟು ಹೊತ್ತೋ ಕಾಯೋದು?” ಎಂದೆ, ಬೀದಿಗೆಲ್ಲ ಕೇಳುವಂತೆ. ಹಾಗೆನ್ನುತ್ತಲೇ ಅಳು ಬಂತು.