ಜಡೆಯಿದ್ದ ಮಂಜುವಿನ ಹತ್ತು ಬೆರಳು

ಮಕ್ಕಳು ಒಂಟಿಕಾಲಿನ ಮೇಲೆ ಎಷ್ಟು ಹೊತ್ತು ನಿಲ್ಲುತ್ತಾರೆಂದು ಗಡಿಯಾರ ಹಿಡಿದು ನೋಡುವುದೂ ಒಂದು ಉದ್ಯೋಗ ಎಂದರೆ ನಮ್ಮ ನೆಂಟರಲ್ಲಿ ಇಂದಿಗೂ ಯಾರೂ ನಂಬುವುದಿಲ್ಲ. ಎಂ.ಎಸ್ಸಿ. ಓದಿ, ಪುರಾವೆ ಇಲ್ಲದೆ ಯಾವುದನ್ನೂ ಒಪ್ಪಬಾರದೆಂಬ ಚಟ ಹತ್ತಿಸಿಕೊಂಡು, ಕೊನೆಗೆ ನಾನು ಸೇರಿದ್ದು ಈ ಕೆಲಸಕ್ಕೆ. ನಂಜನಗೂಡಿನಲ್ಲಿ ನಮ್ಮ ಪುಟ್ಟ ಕಚೇರಿ. ಅಲ್ಲಿಂದ ತಿ. ನರಸೀಪುರದ ಕಡೆಯ ಅಂಗನವಾಡಿಗಳಿಗೆ ಹೋಗಿ, ಐದು ವರ್ಷದ ಮಕ್ಕಳ ಕೈಗೆ ದಾರ ಕೊಟ್ಟು ಮಣಿ ಪೋಣಿಸಲು ಹೇಳುವುದು, ಚೆಂಡು ಎಸೆದು ಹಿಡಿಯಲು ಹೇಳುವುದು, ಕುಂಟಿಸುವುದು. ಬಂದ ಎಣಿಕೆಯನ್ನು ಅಚ್ಚಾದ ಪಟ್ಟಿಯೊಂದಿಗೆ ಹೋಲಿಸಬೇಕು. ಹುಡುಗಿಯರ ಪಟ್ಟಿ ಬೇರೆ, ಹುಡುಗರದು ಬೇರೆ. ಮಣಿಯಲ್ಲಿ ಹುಡುಗಿಯರ ಪಟ್ಟಿ ಬಿಗಿ, ಚೆಂಡಿನಲ್ಲಿ ಹುಡುಗರದು ಬಿಗಿ. ಎಣಿಕೆ ಕಡಿಮೆ ಬಿದ್ದರೆ ‘ಹಿಂದೆ’ ಎಂದು ಬರೆದು ಮನೆಗೆ ಪತ್ರ ಕೊಡಬೇಕು.

ಈ ಎರಡು ಪಟ್ಟಿಗಳ ಮೇಲೆ ನನಗೆ ಮೊದಲಿನಿಂದಲೂ ಅನುಮಾನ. ಹುಡುಗಿಯರು ಕುಂಟುವುದರಲ್ಲಿ ಮುಂದೆ ಎಂದು ಅವು ಹೇಳುತ್ತವೆ. ದಿನವಿಡೀ ಕುಂಟೆಬಿಲ್ಲೆ ಆಡಿದ್ದರೆ ನಾನೂ ಮುಂದಿರುತ್ತಿದ್ದೆ. ಹೀಗೆಂದು ಒಮ್ಮೆ ಅಕ್ಕನ ಮುಂದೆ ವಾದಿಸಿದೆ. “ನೀನೂ ನಮ್ ಜೊತೇಲೇ ಆಡ್ತಿದ್ದೆ ಕಣೋ. ದಿನಾ ಗೆರೆ ತುಳಿದು ಅಳ್ತಿದ್ದೆ” ಎಂದಳು. ನನಗೆ ನೆನಪಿರುವುದು ಹುಡುಗರೊಡನೆ ಕ್ರಿಕೆಟ್ ಆಡಿ ಗೆದ್ದದ್ದು ಮಾತ್ರ. ಅಂದಿನಿಂದ ಪಟ್ಟಿಯ ಜೊತೆಗೆ ನನ್ನ ನೆನಪಿನ ಮೇಲೂ ಅನುಮಾನ ಶುರುವಾಯಿತು. ಆದರೂ ಕೆಲಸದ ವಿಷಯದಲ್ಲಿ ನೆನಪು ಕೈಕೊಡಲಾರದು ಎಂದುಕೊಂಡಿದ್ದೆ.

ಮೇ ತಿಂಗಳಲ್ಲಿ ಮೂಗೂರಿನಿಂದ ನಾಗರತ್ನ ಎಂಬ ತಾಯಿ ಫೋನ್ ಮಾಡಿದರು. ಅವರ ಮಗು ಮಂಜುವಿಗೆ ಪತ್ರ ಕೊಟ್ಟಿದ್ದವನು ನಾನೇ: ಹೆಣ್ಣುಮಕ್ಕಳಿಗೆ ಹೋಲಿಸಿದರೆ ಬೆರಳುಗಳ ಚುರುಕು ಹಿಂದೆ, ಎಂದು.

“ನಮ್ ಮಂಜು ಹುಡ್ಗ ಕಣ್ ಸಾ!”

“ಇಲ್ಲಮ್ಮ, ನನಗೆ ಚೆನ್ನಾಗಿ ನೆನಪಿದೆ. ಎರಡು ಜಡೆ, ಕನಕಾಂಬರ, ಕಿವಿಗೆ ಓಲೆ.”

“ಅದು ಮುಡಿ ಸಾ! ನಂಜುಂಡೇಶ್ವರನಿಗೆ ಅರಕೆ ಅದೆ. ಮುಡಿ ಕೊಡೋಗಂಟ ಕತ್ತರಿ ಸೋಕಿಸಂಗಿಲ್ಲ. ಕೂದ್ಲು ಕಣ್ಣಿಗ್ ಬೀಳುತ್ತೆ ಅಂತ ಜಡೆ ಹಾಕಿದ್ವಿ.”

ಮುಡಿ ಕೊಡುವ ಊರಿನಲ್ಲೇ ನನ್ನ ವಾಸ. ಗುಡಿಗೆ ಹೋಗುವಾಗ ಉದ್ದ ಕೂದಲಿದ್ದು ಬರುವಾಗ ನುಣ್ಣಗಾದ ಮಕ್ಕಳ ತಲೆಗಳ ನಡುವೆಯೇ ನಾನು ದಿನವೂ ಕಚೇರಿಗೆ ನಡೆಯುತ್ತೇನೆ. ಆದರೆ ಅಂಗನವಾಡಿಯಲ್ಲಿ ಟೀಚರು ಗಂಡು ಹೆಣ್ಣೆನ್ನದೆ ಎಲ್ಲರನ್ನೂ “ಬಾ ಮಗ” ಎಂದೇ ಕರೆದಿದ್ದರು. ಮಂಜು ಎಂಬ ಹೆಸರು ಯಾರಿಗೂ ಒಪ್ಪುತ್ತದೆ. ಇನ್ನು ‘ಗಂಡೋ ಹೆಣ್ಣೋ’ ಎಂದು ಬಾಯಿಬಿಟ್ಟು ಕೇಳಲು ಓದಿದವನಿಗೆ ನಾಚಿಕೆ. ಜಡೆ ನೋಡಿ ‘ಹೆಣ್ಣು’ ಎಂಬಲ್ಲಿ ಗುರುತು ಹಾಕಿಬಿಟ್ಟಿದ್ದೆ. ಪುರಾವೆ ಕೇಳುವ ಚಟ ಆ ದಿನ ಎಲ್ಲಿ ಹೋಗಿತ್ತೋ.

ನಾಗರತ್ನ ಆ ಪತ್ರವನ್ನು ಪ್ರಾಮಾಣಿಕವಾಗಿ ಮಗನನ್ನು ಸೇರಿಸಲು ಹೋದ ನರಸೀಪುರದ ಶಾಲೆಗೂ ತೋರಿಸಿದ್ದರು. “ಹುಡುಗ ಆದ್ರೇನು ಹುಡುಗಿ ಆದ್ರೇನು, ಬೆರಳು ನಿಧಾನ ತಾನೇ? ಯುಕೆಜಿ ಬೇಡ, ಮೊದ್ಲು ಒಂದು ವರ್ಷ ಎಲ್‌ಕೆಜಿಲಿ ಕೂರ್ಲಿ” ಎಂದಿದ್ದರಂತೆ ಅಲ್ಲಿನ ಹೆಡ್‌ಮಿಸ್ಸು. ಪತ್ರ ಬರೆದವರಿಂದಲೇ ಸರಿಯೆಂದು ಬರೆಸಿ ತಂದರೆ ಮಾತ್ರ ನೋಡೋಣ ಎಂದಿದ್ದರು. ಹುಡುಗನ ಒಂದು ವರ್ಷ ನನ್ನ ಒಂದು ಗುರುತಿಗೆ ಜೋತುಬಿದ್ದಿತ್ತು.

ಕಚೇರಿಯಲ್ಲಿ ಮಂಜುವಿನ ಎಣಿಕೆಯನ್ನು ಹುಡುಗರ ಪಟ್ಟಿಗೆ ದಾಟಿಸಿದೆ. ಮಣಿ ತಟ್ಟನೆ ಸರಿಹೋಯಿತು, ಒಂದು ಮಣಿಯನ್ನೂ ಹೆಚ್ಚಿಗೆ ಪೋಣಿಸದೆ! ಆದರೆ ಅಲ್ಲಿಯವರೆಗೆ ಸರಿಯಿದ್ದ ಚೆಂಡು ಈಗ ‘ಹಿಂದೆ’ ಆಯಿತು. ನಿಯಮವೆಂದರೆ ನಿಯಮ. ನಮ್ಮ ಕಚೇರಿಯ ಮೇಡಂ ಎರಡನೆಯ ಪತ್ರ ಕೈಗಿತ್ತರು. ಅದನ್ನು ಹಿಡಿದು ಮೂಗೂರಿನ ಬಸ್ಸು ಹತ್ತಿದೆ.

ನನ್ನನ್ನು ಕಂಡೊಡನೆ ಮಂಜು “ನಾನ್ ಮಣಿ ಆಡಕಿಲ್ಲ” ಎಂದು ಜಡೆ ಹಾರಿಸುತ್ತ ಒಳಗೆ ಓಡಿದ. ಪತ್ರ ಬಂದಾಗಿನಿಂದ ತಾಯಿ ದಿನವೂ ಸಂಜೆ ಅವನನ್ನು ಕೂರಿಸಿ ಮಣಿ ಪೋಣಿಸಲು ಹಚ್ಚುತ್ತಿದ್ದರಂತೆ. ಎರಡನೆಯ ಪತ್ರವನ್ನು ನಾಗರತ್ನ ಗಟ್ಟಿಯಾಗಿ ಓದಿದರು. ಜಗುಲಿಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ ಅಜ್ಜಿ ತಲೆಯೆತ್ತಿದರು.

“ಎಣ್ಣಾದ್ರೆ ಮಣಿ ಬರಕಿಲ್ಲ, ಗಂಡಾದ್ರೆ ಚೆಂಡು ಬರಕಿಲ್ಲ. ಅದ್ಯಾವ್ ಸೀಮೆ ಪರೀಕ್ಸೆ ಸಾ ನಿಮ್ದು? ಕೈ ಎಲ್ಡೂ ಅವೇ ತಾನೆ?”

“ಕೈ ಅವೇ ಅಜ್ಜಿ. ಪಟ್ಟಿ ಬೇರೆ.”

“ಅಂಗಾರೆ ಪಟ್ಟೀನೇ ಇಸ್ಕೂಲಿಗ್ ಸೇರ್ಸಿ.”

ನಾನು ಸರಾಸರಿ ಎಂದರೇನು, ಅಭ್ಯಾಸದ ಪಾತ್ರವೇನು, ಒಂದು ಮಗುವಿನ ಬಗ್ಗೆ ಒಂದು ದಿನದ ಎಣಿಕೆ ಎಷ್ಟು ಕಡಿಮೆ ಹೇಳುತ್ತದೆ ಎಂದು ವಿವರಿಸತೊಡಗಿದೆ. ನಾಗರತ್ನ ನಡುವೆಯೇ ತಡೆದರು. “ಅದೆಲ್ಲ ಇರ್ಲಿ ಸಾ. ಯುಕೆಜಿಗೆ ಸೇರುಸ್ಲಾ, ಬ್ಯಾಡ್ವಾ? ಅಷ್ಟ್ ಹೇಳಿ.”

ಒಂದೇ ಮಾತಿನಲ್ಲಿ ಉತ್ತರ ಕೊಟ್ಟ ಅಭ್ಯಾಸ ನನಗಿಲ್ಲ. ಒಳಗೆ ಮಂಜು ಬಾಗಿಲ ಚಿಲಕವನ್ನು ಹಾಕಿ ತೆಗೆದು ಹಾಕಿ ತೆಗೆದು ಆಡುತ್ತಿದ್ದ. ಪಟ್ಟಿಯಲ್ಲಿ ಚಿಲಕ ಇರಲಿಲ್ಲ.

“ಸೇರಿಸಿ” ಎಂದೆ.

“ಬರ್ದ್‌ಕೊಡಿ ಮತ್ತೆ.”

ಬೇರೆ ಕಾಗದವಿರಲಿಲ್ಲ. ಅದೇ ಪತ್ರವನ್ನು ತಿರುಗಿಸಿ, ನಿಂತಲ್ಲೇ ಒಂದು ಕಾಲೆತ್ತಿ ತೊಡೆಯ ಮೇಲಿಟ್ಟುಕೊಂಡು ಬರೆದೆ: ಮಂಜು ಹುಡುಗ. ಅವನ ಕೈಗಳೆರಡೂ ಸರಿಯಾಗಿವೆ. ಯುಕೆಜಿಗೆ ಸೇರಿಸಬಹುದು. ಬಸ್ಸಿನ ಹಾರನ್ ಕೇಳಿಸಿತು. ಅವಸರದಲ್ಲಿ ಸಹಿಯನ್ನೂ ಮರೆತು ಓಡಿದೆ.

ಜೂನ್‌ನಲ್ಲಿ ನಾಗರತ್ನ ಮತ್ತೆ ಫೋನ್ ಮಾಡಿದರು. “ಸೇರಿಸ್ಕೊಂಡ್ರು ಸಾ!”

“ನನ್ನ ಪತ್ರ ಒಪ್ಪಿದರೇ?”

“ಅದೇ ಸಾ...” ಎಂದು ಅವರು ನಡೆದದ್ದನ್ನು ಹೇಳಿದರು. ಹೆಡ್‌ಮಿಸ್ಸು ಕಾಗದ ತಿರುಗಿಸಿ, ಸಹಿಯಿಲ್ಲದ ಆ ಅಕ್ಷರಗಳನ್ನು ಬಹಳ ಹೊತ್ತು ನೋಡಿ, “ಹುಡುಗನ ಕೈಲೇ ನೋಡ್ಕೊಂಡು ಬರೆಸಿದ್ದೀರಾ? ಗೆರೆ ಒಂಚೂರು ಸೊಟ್ಟ, ಆದ್ರೂ ಐದು ವರ್ಷಕ್ಕೆ ಈ ಕೈಬರಹ ಪರವಾಗಿಲ್ಲ” ಎಂದರಂತೆ.

“ನೀವೇನಂದಿರಿ?”

“ನಾನ್ ಸುಮ್ಕಿದ್ಬುಟ್ಟೆ ಸಾ.”