ಬಾವಡಿಗೆ ಓಟು ಕೇಳಿದ ಹಿಂದಿ ಮಾಸ್ತರು

ಹಳೆಯ ಕಟ್ಟಡ ಉಳಿಸಲು ಗೌಂಡಿ ಬೇಕು ಎಂದು ಲೋಕ ತಿಳಿದಿದೆ. ಒಬ್ಬ ಹಿಂದಿ ಮಾಸ್ತರ ಸಾಕು ಎಂದು ನಾನು ತಿಳಿದಿದ್ದೆ!

ಮೊಬೈಲು ಆಗಷ್ಟೇ ಎಲ್ಲರ ಜೇಬಿಗೆ ಬಂದಿದ್ದ ಕಾಲ. ಒಂದು ಟಿವಿ ಚಾನೆಲ್ಲಿನವರು ರಾಜ್ಯದ ಒಂಬತ್ತು ಪಾಳು ಕಟ್ಟಡಗಳನ್ನು ತೋರಿಸಿ, ಯಾವುದಕ್ಕೆ ಹೆಚ್ಚು ಎಸ್ಸೆಮ್ಮೆಸ್ ಬರುತ್ತದೋ ಅದನ್ನು ತಾವೇ ರಿಪೇರಿ ಮಾಡಿಸುತ್ತೇವೆ ಎಂದು ಸಾರಿದರು. ಮೊದಲನೆಯದೇ ನಮ್ಮ ಬಸವಕಲ್ಯಾಣದ ಬಾವಡಿ! ಒಂದು ಎಂದು ಒತ್ತಿ ಕಳಿಸಿದರೆ ಓಟು ಬಿದ್ದಂತೆ.

ಆ ಮೆಟ್ಟಿಲಬಾವಿ ನಾನು ಹುಟ್ಟಿದ ಓಣಿಯ ಹಿಂದೆಯೇ ಇದೆ. ಕಲ್ಲಿನ ಮೇಲೆ ಕಲ್ಲು ಕೂತ ಬಗೆ ನೋಡಿದರೆ ಇವತ್ತಿಗೂ ನನಗೆ ಕೈ ಮುಗಿಯಬೇಕು ಅನ್ನಿಸುತ್ತದೆ. ಮೂರು ಕಮಾನುಗಳಲ್ಲಿ ನಡುವಿನದು ಬಾಯಿ ಬಿಟ್ಟಿತ್ತು. ಇನ್ನೊಂದು ಮಳೆಗಾಲ ತಡೆಯುವುದು ಅನುಮಾನ. ಅದರ ಕೆಳಗೆ ದಿನಾ ಕಸ ಗುಡಿಸುವವಳು ಓಣಿಯ ಮುದುಕಿ ನಾಗಮ್ಮಾಯಿ. ಯಾರೂ ಅವಳಿಗೆ ಹೇಳಿದ ಕೆಲಸವಲ್ಲ. ಯಾಕೆ ಎಂದು ಕೇಳಿದರೆ, “ಕಟ್ಟಿದವರು ಇಷ್ಟ್ ಚಂದ ಕಟ್ಯಾರ ತಮ್ಮಾ, ಗುಡಸಾಕ ನನಗೇನ್ ಧಾಡಿ?” ಅನ್ನುತ್ತಿದ್ದಳು.

“ಆಯೀ, ಕಮಾನಿನ ಫಿಕರ್ ಬಿಡು. ನಾ ಅದೀನಿ!” ಎಂದು ಮಾತು ಕೊಟ್ಟು, ನಾನು ಕೆಲಸ ಮಾಡುವ ಹುಮನಾಬಾದಿಗೆ ಬಂದೆ.

ಅಂದೇ ಕರಪತ್ರ ರಚನೆ ಆರಂಭವಾಯಿತು. “ಹೇ ಕಲಾಭಿಮಾನಿಗಳೇ!” ಎಂದು ಶುರು. ‘ಬಾವಡಿಗೆ ಓಟು ಹಾಕ್ರಿ’ ಎಂದು ನೇರವಾಗಿ ಬರೆದರೆ ಮಾಸ್ತರನ ಘನತೆ ಏನಾಗಬೇಕು? ಆದ್ದರಿಂದ “ಪೂರ್ವಜರ ಶಿಲಾವೈಭವವನ್ನು ಸಂರಕ್ಷಿಸಿರಿ” ಎಂದೆ. ಬಾವಡಿಯ ಹೆಸರು ಎಲ್ಲಿಯೂ ಬರದಂತೆ ನೋಡಿಕೊಂಡೆ. ನಡುವೆ, ಅಂಗೈಯಗಲ, ನಾನೇ ಬರೆದ ಒಂದರ ಅಂಕಿ. ಇಪ್ಪತ್ತು ವರ್ಷ ಕರಿಹಲಗೆಯ ಮೇಲೆ ಹಿಂದಿ ಬರೆದು ಪಳಗಿದ ಕೈ! ತಲೆ ಗುಂಡಗೆ, ಬಾಲ ನೀಳ. ಅಷ್ಟು ಮುದ್ದಾದ ಒಂದನ್ನು ಬೀದರ ಜಿಲ್ಲೆ ಕಂಡಿರಲಿಲ್ಲ. ಕೆಳಗೆ ನನ್ನ ಹೆಸರು, ಪದವಿ, ವಿಳಾಸ.

ಹೆಂಡತಿ ಶಾರದಾ ಅದನ್ನು ನೋಡಿ, “ಏನ್ರೀ, ಇದು…” ಅಂದಳು.

“ಬರಹದ ವಿಷಯದಾಗ ನೀ ಬಾಯಿ ಹಾಕಬ್ಯಾಡ!” ಅಂದೆ.

ಪಾಪ, ಹಾಕಲಿಲ್ಲ.

ಹುಮನಾಬಾದಿನ ಬಸ್‌ಸ್ಟ್ಯಾಂಡು, ಬಸವಕಲ್ಯಾಣದ ಬಜಾರು, ಎಲ್ಲಿ ನೋಡಿದರೂ ನನ್ನ ಕರಪತ್ರ. ಆಟೋಕ್ಕೆ ಮೈಕು ಕಟ್ಟಿಸಿ, “ಚೀಟಿಯಾಗ ಇದ್ದಂಗ ಒತ್ರಿ!” ಎಂದು ಕೂಗಿಸಿದೆ. ಮಾಣಿಕನಗರದಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ ಇರ್ಫಾನ್ ಭಾಯಿಯಂತೂ ಎದೆ ಮುಟ್ಟಿಕೊಂಡು ಹೇಳಿದ: “ಬೇಫಿಕರ್ ಇರ್ರಿ ಮಾಸ್ತರ್ ಸಾಬ್. ರೀಚಾರ್ಜಿಗೆ ಬಂದವರದು ಒಬ್ಬರದೂ ಬಿಡಂಗಿಲ್ಲ. ನಾನss ಒತ್ತಿ ಕಳಸ್ತೀನಿ!” ಇಂಥ ಜನರ ನಡುವೆ ಹುಟ್ಟಿದ್ದೇ ನನ್ನ ಪುಣ್ಯ ಎಂದುಕೊಂಡೆ.

ಫಲಿತಾಂಶದ ಸಂಜೆ ಬಸವಕಲ್ಯಾಣದ ನಮ್ಮ ಓಣಿಯವರು ಟಿವಿಯನ್ನು ಕಟ್ಟೆಯ ಮೇಲೆ ತಂದಿಟ್ಟರು. ನಾವು ಗಂಡ ಹೆಂಡತಿ, ಇರ್ಫಾನ್ ಭಾಯಿ, ಎಲ್ಲರೂ ಹಾಜರ್. ನಾಗಮ್ಮಾಯಿ ಎಲ್ಲರಿಗಿಂತ ಮುಂದೆ. ನಿರೂಪಕಿ ನಕ್ಕು, “ಗೆದ್ದದ್ದು ನಂಬರ್ ಒಂಬತ್ತು!” ಅಂದಳು.

ನಾನು ತಲೆಯ ಮೇಲೆ ಕೈ ಹೊತ್ತೆ. ಆದರೆ ಓಣಿ ತುಂಬ ಚಪ್ಪಾಳೆ, ಶಿಳ್ಳೆ! ಇವರಿಗೆ ಹುಚ್ಚು ಹಿಡಿಯಿತೇನು?

ಅಷ್ಟರಲ್ಲಿ ಟಿವಿಯಲ್ಲಿ ತೆಂಕಣ ಸೀಮೆಯ ಯಾವುದೋ ಒಂದು ಕಲ್ಲುಮಂಟಪ ಕಾಣಿಸಿತು. ಚಪ್ಪಾಳೆ ನಿಂತಿತು.

“ಇದು ನಮ್ಮ ಬಾವಡಿ ಅಲ್ಲಲ್ರೀ!” ಎಂದ ಇರ್ಫಾನ್ ಭಾಯಿ. “ಚೀಟಿ ನೋಡಿ ನೋಡಿ ಒಂಬತ್ತss ಒತ್ತೀನಿ. ಬಟನ್ ಸವದು ಹೋಗ್ಯಾದ!”

ಶಾರದಾ ಕರಪತ್ರ ಎತ್ತಿ ನನ್ನ ಮೂಗಿಗೆ ಹಿಡಿದಳು. “ನಿಮ್ಮ ಹಿಂದಿ ಒಂದು, ಜನರ ಕಣ್ಣಿಗೆ ಇಂಗ್ಲಿಷ್ ಒಂಬತ್ತು ಕಾಣ್ತದ ಅಂತ ಅವತ್ತss ಹೇಳಾಕ ಬಂದಿದ್ದೆ. ಬಾಯಿ ಹಾಕಬ್ಯಾಡ ಅಂದ್ರಿ!”

ಟಿವಿಯೊಳಗಿನ ನಿರೂಪಕಿ ಮಾತ್ರ ಕೊಂಡಾಡುತ್ತಲೇ ಇದ್ದಳು. “ವಿಶೇಷವೆಂದರೆ, ಈ ಮಂಟಪಕ್ಕೆ ಅತಿ ಹೆಚ್ಚು ಓಟು ಬಂದದ್ದು ದೂರದ ಬೀದರ ಜಿಲ್ಲೆಯಿಂದ! ಎಂಥ ವಿಶಾಲ ಹೃದಯ!”

ಬಾವಡಿಗೆ ಬಂದದ್ದು ಬೆರಳೆಣಿಕೆಯ ಓಟು. ಅದರಲ್ಲಿ ಒಂದು ನನ್ನದು.

ಇಷ್ಟಕ್ಕೇ ಮುಗಿಯಲಿಲ್ಲ. ನನ್ನ ಕರಪತ್ರ ಹೇಗೋ ಆ ಮಂಟಪದ ಊರಿಗೆ ತಲುಪಿ, ಅಲ್ಲಿಂದ ಸನ್ಮಾನಕ್ಕೆ ಕರೆ ಬಂತು! ತಪ್ಪು ಒಪ್ಪಿಕೊಳ್ಳಲೆಂದೇ ಹೋದೆ. ವೇದಿಕೆಯ ಮೇಲೆ ನಿಂತು, “ಇದು ಕೈತಪ್ಪಿನಿಂದ ಆದದ್ದು. ನಾನು ನಿಮಗಾಗಿ ಏನೂ ಮಾಡಿಲ್ಲ” ಎಂದೆ. “ಆಹಾ, ಏನು ವಿನಯ!” ಎಂದು ಜರಿ ಶಾಲು ಹೊದಿಸಿದರು. ಆಮೇಲೆ ಮಂಟಪ ತೋರಿಸಿದರು. ಸುಳ್ಳು ಯಾಕೆ ಹೇಳಲಿ, ಬಹಳ ಚೆಲುವಾಗಿತ್ತು. ಅದನ್ನು ನೋಡುತ್ತ ಹೊಟ್ಟೆಕಿಚ್ಚೂ ಆಯಿತು, ಕಣ್ಣೂ ತುಂಬಿತು.

ಮರಳಿ ಬಂದವನು ಸೀದಾ ಬಾವಡಿಗೆ ಹೋದೆ. ನಡುವಿನ ಕಮಾನಿನ ನಾಲ್ಕು ಕಲ್ಲು ಬಿದ್ದೇಬಿಟ್ಟಿದ್ದವು! ಆದರೆ ಅಲ್ಲಿ ಅಳುವವರು ಯಾರೂ ಇರಲಿಲ್ಲ. ನಾಗಮ್ಮಾಯಿ ಚಿಟಗುಪ್ಪದಿಂದ ಹಳೆಯ ಗೌಂಡಿಯೊಬ್ಬನನ್ನು ಕರೆಸಿದ್ದಳು. ಸುಣ್ಣದ ಗಚ್ಚು ಕೈಗೆ ತಂದುಕೊಟ್ಟರೆ ಕಲ್ಲು ತಿರುಗಿ ಕೂಡಿಸುತ್ತೇನೆ ಎಂದು ಅವನು ಒಪ್ಪಿದ್ದ. ಇರ್ಫಾನ್ ಭಾಯಿ ಅಂಗಡಿ ಮುಚ್ಚಿ ಬಂದು ಸುಣ್ಣ ಕಲಸುತ್ತಿದ್ದ. ಇಡೀ ಓಣಿ ಸಾಲು ನಿಂತಿತ್ತು. ನನ್ನೊಬ್ಬನನ್ನು ಬಿಟ್ಟು ಎಲ್ಲರಿಗೂ ಕೆಲಸ ಗೊತ್ತಿತ್ತು.

“ಆಯೀ, ನನ್ನಿಂದ ತಪ್ಪಾಯ್ತು,” ಎಂದೆ.

“ಅದಿರ್ಲಿ. ಆ ಊರಿನ ಮಂಟಪ ಹ್ಯಾಂಗ ಅದ?”

“ಭಾಳ ಚಂದ ಅದ.”

“ಹಂಗಾದ್ರ ಬಿಡು. ಅದಾದ್ರೂ ಉಳೀತಲ್ಲ,” ಎಂದಳು. ಆ ಮುದುಕಿಯ ಮುಂದೆ ನಾನು ಅಷ್ಟು ಸಣ್ಣವನಾದದ್ದು ಅದೇ ಮೊದಲು.

ತಡೆಯಲಾರದೆ ಚೀಲದಿಂದ ಜರಿ ಶಾಲು ತೆಗೆದು, “ಈ ಸನ್ಮಾನ ನಿನಗss ಸಲ್ಲಬೇಕು” ಎಂದು ಗಂಭೀರವಾಗಿ ಅವಳಿಗೆ ಹೊದಿಸಿದೆ. ಆಯಿ ಅದನ್ನು ಮುಟ್ಟಿ ನೋಡಿದಳು. “ಮೆತ್ತಗ ಅದ!” ಎಂದು ಸಂತೋಷಪಟ್ಟಳು. ಸರಸರ ಸುತ್ತಿ ಸಿಂಬಿ ಮಾಡಿ, ತಲೆಯ ಮೇಲಿಟ್ಟು, ಅದರ ಮೇಲೆ ಗಚ್ಚಿನ ಬುಟ್ಟಿ ಹೊತ್ತು ನಡೆದೇಬಿಟ್ಟಳು!

“ನಿಂತೀ ಯಾಕ ತಮ್ಮಾ? ನಿನಗೂ ಒಂದು ಬುಟ್ಟಿ ತುಂಬ್ಯಾರ, ನೋಡು!”

ಹೊತ್ತೆ. ಸಿಂಬಿಯಿಲ್ಲದ ಬೋಳು ತಲೆ ಚುರ್ರೆಂದಿತು. ಆ ಊರಿನವರು ಇನ್ನೊಂದು ಶಾಲು ಹೊದಿಸಬಾರದಿತ್ತೇ!