ಅಂಗೈ ಮೇಲೆ ಕೂರುವ ಸೊಸೆ

ನಮ್ಮ ಸೊಸೆ ಯಾರಿಗೂ ಸಹಾಯ ಮಾಡುವುದಿಲ್ಲ. ಅಯ್ಯೋ, ಇದೇನು ಅತ್ತೆಯರ ಹಳೇ ರಾಗ ಅಂದುಕೊಳ್ಳಬೇಡಿ! ಸಹಾಯ ಮಾಡದಿರುವುದು ಅವಳ ಉದ್ಯೋಗ. ಅದಕ್ಕೆ ತಿಂಗಳು ತಿಂಗಳು ಸಂಬಳ ಬರುತ್ತದೆ. ಯಾರಿಗೂ ಸಹಾಯ ಮಾಡದೆ ಸಂಬಳ ತೆಗೆದುಕೊಳ್ಳುವವರು ನಮ್ಮ ಹರಿಹರದಲ್ಲಿ ಇನ್ನೂ ಕೆಲವರು ಇರಬಹುದು. ಆದರೆ ಆ ಕೆಲಸವನ್ನು ಇಷ್ಟು ಶ್ರದ್ಧೆಯಿಂದ, ಇಷ್ಟು ಹಟ ಹಿಡಿದು ಮಾಡುವವಳು ಇವಳೊಬ್ಬಳೇ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ.

ದಾವಣಗೆರೆಯಲ್ಲಿ ಒಂದು ಸೀರೆ ಅಂಗಡಿಯ ಮೇಲಿನ ಮಹಡಿಯಲ್ಲಿ ಅವಳ ಕಂಪನಿ ಇದೆ. ಮೊಬೈಲಿನಲ್ಲಿ ಆಡುವ ಒಗಟಿನ ಆಟಗಳನ್ನು ಅಲ್ಲಿ ತಯಾರಿಸುತ್ತಾರೆ. ಇವಳು ಅಲ್ಲಿ ಪ್ರಾಡಕ್ಟ್ ಡಿಸೈನರ್. ಹೆಣ್ಣು ನೋಡಲು ಹೋದಾಗ ನಮ್ಮ ಯಜಮಾನರು, ಗುತ್ತೂರಿನ ಹತ್ತಿರದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರು, "ಪ್ರಾಡಕ್ಟ್ ಎಲ್ಲೈತೆ ತಾಯಿ, ತೋರ್ಸು ನೋಡಾಣ" ಅಂದರು. ಅವಳು ಮೊಬೈಲ್ ತೆಗೆದು ಅವರ ಕೈಗಿಟ್ಟಳು. ಇವರು ಅದನ್ನು ತಿರುಗಿಸಿ ಹಿಂಬದಿಯನ್ನೂ ಪರೀಕ್ಷೆ ಮಾಡಿ, ಸ್ಕ್ರೂ ಎಲ್ಲೂ ಕಾಣದೆ ನಿರಾಶರಾದರು.

ಆಮೇಲೆ ನಿಧಾನವಾಗಿ ನಮಗೆ ವಿಷಯ ತಿಳಿಯಿತು. ಆಟದ ಚಿತ್ರ ಬರೆಯುವವರು ಬೇರೆ, ಕಂಪ್ಯೂಟರಿಗೆ ಅದನ್ನು ಕಲಿಸುವವರು ಬೇರೆ. ಆಡುವವರ ಬೆರಳು ಮೊದಲು ಎಲ್ಲಿಗೆ ಹೋಗುತ್ತದೆ, ಎಲ್ಲಿ ತಡವರಿಸುತ್ತದೆ, ಎಷ್ಟು ಕಷ್ಟವಾದರೆ ಮನುಷ್ಯ ಮೊಬೈಲ್ ಬಿಸಾಡಿ ಏಳುತ್ತಾನೆ, ಎಷ್ಟು ಸುಲಭವಾದರೆ ಆಕಳಿಸುತ್ತಾನೆ ಎಂಬುದನ್ನೆಲ್ಲ ನೋಡಿ ಆಟದ ಹಂತಗಳನ್ನು ಜೋಡಿಸುವುದು ಇವಳ ಕೆಲಸ. ಹೊಸ ಆಟ ತಯಾರಾದಾಗ ಅದನ್ನು ಅರಿಯದವರ ಕೈಗೆ ಕೊಟ್ಟು ಪಕ್ಕದಲ್ಲಿ ಕೂತು ನೋಡಬೇಕು. ಬರೀ ನೋಡಬೇಕು! ಬಾಯಿ ಬಿಡಬಾರದು, ಬೆರಳು ತೋರಿಸಬಾರದು, ಜೋರಾಗಿ ಉಸಿರು ಕೂಡ ಬಿಡಬಾರದಂತೆ. ಇವಳಿಗೋ ಹುಟ್ಟಾ ಕೈ ಸುಮ್ಮನಿರುವುದಿಲ್ಲ. ಅದಕ್ಕೆ ತಾನೇ ಒಂದು ಉಪಾಯ ಕಂಡುಕೊಂಡಿದ್ದಾಳೆ. ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಹಾಕಿ, ಅವುಗಳ ಮೇಲೆ ಭಾರ ಬಿಟ್ಟು ಕೂತುಬಿಡುತ್ತಾಳೆ. ಮದುವೆಯಾದ ಹೊಸದರಲ್ಲಿ ಇದನ್ನು ಕಂಡ ನಾನು, ಪಾಪ, ಚಳಿ ಇರಬೇಕು ಅಂತ ಶಾಲು ತಂದು ಹೊದಿಸಿದ್ದೆ.

ಮೊದಲ ಬಲಿ ನಾನೇ. ಒಂದು ಬಸ್ ನಿಲ್ದಾಣದ ಆಟ ಕೊಟ್ಟಳು. ಬಸ್ಸುಗಳು ಅಡ್ಡಾದಿಡ್ಡಿ ನಿಂತಿವೆ, ಒಂದೊಂದನ್ನೇ ಸರಿಸಿ ಕೆಂಪು ಬಸ್ಸನ್ನು ಹೊರಗೆ ಬಿಡಬೇಕು. ನಾನು ಬಸ್ಸುಗಳನ್ನು ಮುಟ್ಟಲೇ ಇಲ್ಲ. ಮೂಲೆಯಲ್ಲಿ ಸುಮ್ಮನೆ ಅಂದಕ್ಕೆ ಬರೆದಿದ್ದ ಚಹಾ ಅಂಗಡಿಯನ್ನು ಒತ್ತಿದೆ, ಮತ್ತೆ ಒತ್ತಿದೆ, ಸಿಟ್ಟಿನಿಂದ ಗುದ್ದಿದೆ. ಸೊಸೆಯ ಮುಖ ಕೆಂಪಗಾಯಿತು, ಆದರೆ ತುಟಿ ಬಿಚ್ಚಲಿಲ್ಲ. ಕೊನೆಗೆ ನಾನೇ ಮೊಬೈಲ್ ಕೆಳಗಿಟ್ಟ ಮೇಲೆ, ಅದನ್ನು ಯಾಕೆ ಒತ್ತಿದಿರಿ ಅಂತ ಕೇಳಿದಳು. ಇದೆಂಥ ಪ್ರಶ್ನೆ! ಬಸ್ಸು ಹೊರಡುತ್ತಿಲ್ಲ ಅಂದರೆ ಡ್ರೈವರು ಚಹಾ ಕುಡಿಯುತ್ತಿದ್ದಾನೆ ಅಂತಲೇ ಅರ್ಥ. ಅವನನ್ನು ಎಬ್ಬಿಸದೆ ಬಸ್ಸು ಹೇಗೆ ಸರಿಯುತ್ತದೆ?

ಅವಳು ನಗಲಿಲ್ಲ. ಮಾರನೆಯ ವಾರ ಅದೇ ಆಟ ಮತ್ತೆ ನನ್ನ ಕೈಗೆ ಬಂತು. ಈಗ ಚಹಾ ಅಂಗಡಿ ಒತ್ತಿದರೆ ಒಬ್ಬ ಡ್ರೈವರು ಲೋಟ ಇಟ್ಟು, ಮೀಸೆ ಒರೆಸಿಕೊಂಡು ಬಂದು, ಯಾವ ಬಸ್ಸು ಮೊದಲು ತೆಗೆಯಬೇಕು ಅಂತ ತೋರಿಸುತ್ತಾನೆ. "ಆಡೋರು ಸೋತ್ರೆ ಅವರ ತಪ್ಪಲ್ಲ ಅತ್ತೆ, ಮಾಡಿದೋರ ತಪ್ಪು" ಅಂದಳು. ನನ್ನ ದಡ್ಡತನಕ್ಕೆ ಇಷ್ಟು ಮರ್ಯಾದೆ ಕೊಟ್ಟವರು ನಮ್ಮ ವಂಶದಲ್ಲೇ ಯಾರೂ ಇರಲಿಲ್ಲ!

ಮನೆಯವರು ಸಾಲದೆ ಹೋದರೆ ಬಸ್ಸಿನ ಪ್ರಯಾಣಿಕರು ಇದ್ದೇ ಇದ್ದಾರಲ್ಲ. ದಿನವೂ ಹರಿಹರದಿಂದ ದಾವಣಗೆರೆಗೆ ಹೋಗುವಾಗ ಪಕ್ಕದಲ್ಲಿ ಕೂತವರ ಕೈಗೆ ಮೊಬೈಲ್ ಕೊಡುತ್ತಾಳೆ. ನಮ್ಮ ಕಡೆ ಒಬ್ಬರಿಗೆ ಒಗಟು ಕೊಟ್ಟರೆ ಅವರೊಬ್ಬರೇ ಬಿಡಿಸುತ್ತಾರೆಯೇ? ಹಿಂದಿನ ಸೀಟಿನಿಂದ ಒಂದು ಬೆರಳು, ನಿಂತವರಿಂದ ಇನ್ನೊಂದು, ಆಚೆ ಸಾಲಿನಿಂದ ಬರೀ ಬಾಯಿ. ನಾನು ಜೊತೆಗಿದ್ದ ಒಂದು ದಿನ, ಬಟ್ಟೆಯ ಗಂಟನ್ನು ಮಡಿಲಲ್ಲಿಟ್ಟುಕೊಂಡಿದ್ದ ವಯಸ್ಸಾದ ಚಾಚಾ ಒಬ್ಬರು ಸಿಕ್ಕಿದರು. ದಾರಿಯಲ್ಲಿ ಸಿಗುವ ಬಾತಿಯಲ್ಲಿ ಇಳಿಯಬೇಕು ಅಂತ ಹತ್ತುವಾಗಲೇ ಹೇಳಿದ್ದರು. ಆಟ ಕೈಗೆ ಬಂತು, ಚಾಚಾ ಅದರೊಳಗೆ ಮುಳುಗಿದರು. ಸುತ್ತಲಿನವರನ್ನೆಲ್ಲ ಇವಳು ಬಾಯಿ ಮುಚ್ಚಿಸಿದಳು. ಬಾತಿ ಬಂತು. ಕಂಡಕ್ಟರ್ ಕೂಗಿದ. ನಾನು ಸೊಸೆಯ ಮುಖ ನೋಡಿದೆ. ಅವಳು ಅಂಗೈಗಳ ಮೇಲೆ ಇನ್ನಷ್ಟು ಗಟ್ಟಿಯಾಗಿ ಕೂತಳು. ಬಾತಿ ಹೋಯಿತು.

ದಾವಣಗೆರೆಯ ನಿಲ್ದಾಣದಲ್ಲಿ ತಲೆಯೆತ್ತಿದ ಚಾಚಾ, ಬಾತಿ ಹೋಯಿತು ಅಂತ ಒಂದು ಮಾತು ಹೇಳಬಾರದಿತ್ತೇ ಎಂದು ಅವಳನ್ನು ಚೆನ್ನಾಗಿ ಬೈದರು. ಅವರದು ನ್ಯಾಯವೇ. ಗಂಟು ಹೆಗಲಿಗೇರಿಸಿಕೊಂಡು ಇಳಿದು ಹೋದವರು ಕಿಟಕಿಯ ಹತ್ತಿರ ಮತ್ತೆ ಬಂದು ನಿಂತರು.

"ಇರ್ಲಿ ಬಿಡು ಬೇಟಿ. ಇನ್ನೊಂದು ಐತೇನು?"

ಇನ್ನು ನಮ್ಮ ಗೇಟಿನ ಕಥೆ. ನಮ್ಮ ಮನೆಯ ಕಬ್ಬಿಣದ ಗೇಟನ್ನು ಹೊರಗಿನಿಂದ ಎಳೆಯಬೇಕು, ಬಂದವರೆಲ್ಲ ತಳ್ಳುತ್ತಿದ್ದರು. ನಾನು ಈ ಮನೆಗೆ ಬಂದಾಗಿನಿಂದ ಅಡುಗೆಮನೆಯಲ್ಲಿ ನಿಂತೇ "ಎಳೀರಿ" ಅಂತ ಕೂಗುತ್ತಿದ್ದೆ. ಒಂದು ರಜೆಯ ದಿನ ಸೊಸೆ ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು, ಅಂಗೈಗಳ ಮೇಲೆ ಕೂತು ಗೇಟನ್ನು ನೋಡತೊಡಗಿದಳು. ಅವತ್ತೇ ಕೊಂಡಜ್ಜಿ ಊರಿನಿಂದ ನನ್ನ ಅಕ್ಕ ಎರಡೂ ಕೈಯಲ್ಲಿ ತರಕಾರಿ ಚೀಲ ಹಿಡಿದುಕೊಂಡು ಬರಬೇಕೇ! ಕೈಯಲ್ಲಿ ತಳ್ಳಿದಳು, ಮೊಣಕಾಲಲ್ಲಿ ತಳ್ಳಿದಳು, ಕೊನೆಗೆ ತಿರುಗಿ ಬೆನ್ನು ಕೊಟ್ಟು ತಳ್ಳಿದಳು. ಇವಳು ನನ್ನನ್ನೂ ಕೂಗಗೊಡದೆ ನೋಡುತ್ತ ಕೂತೇ ಇದ್ದಳು. ಕೊನೆಗೂ ಎಳೆದು ಒಳಗೆ ಬಂದ ಅಕ್ಕನ ಪಿತ್ತ ನೆತ್ತಿಗೇರಿತ್ತು. ಸೊಸೆ ಮಾತ್ರ ತಣ್ಣಗೆ, ತಪ್ಪು ದೊಡ್ಡತ್ತೆಯದಲ್ಲ, ಗೇಟಿನದು ಅಂತ ತೀರ್ಪು ಕೊಟ್ಟಳು. ಮರುದಿನ ವೆಲ್ಡಿಂಗ್‌ನವನನ್ನು ಕರೆಸಿ ಎಳೆಯುವುದಕ್ಕೆ ದೊಡ್ಡ ಹಿಡಿ ಹಾಕಿಸಿದಳು. ಈಗ ಯಾರೂ ತಳ್ಳುವುದಿಲ್ಲ, ನಾನು ಕೂಗುವುದೂ ಇಲ್ಲ. ಬಂದವರು ಸೀದಾ ಅಡುಗೆಮನೆಗೇ ಬಂದು, ಹರಿದ ನೈಟಿಯಲ್ಲಿ ಒಗ್ಗರಣೆ ಹಾಕುತ್ತಿರುವ ನನ್ನನ್ನು ಮಾತಾಡಿಸುತ್ತಾರೆ!

ಇಷ್ಟರವರೆಗೆ ಎಲ್ಲ ನಗುವ ವಿಷಯವೇ. ಆಮೇಲೆ ನಮ್ಮ ಯಜಮಾನರಿಗೆ ಲಕ್ವ ಹೊಡೆಯಿತು.

ಮಾತು ಉಳಿಯಿತು, ಕಾಲು ಬೇಗ ಸುಧಾರಿಸಿತು, ಬಲಗೈ ಮಾತ್ರ ಹಿಂದೆ ಬಿತ್ತು. ಬೆರಳುಗಳು ಒಂದರ ಜೊತೆ ಒಂದು ಮಾತು ಬಿಟ್ಟವರ ಹಾಗೆ ಆಗಿದ್ದವು. ಬಳಸಿದರೆ ಬಂದೀತು, ಬಳಸದಿದ್ದರೆ ಬರುವುದಿಲ್ಲ ಅಂದರು ಡಾಕ್ಟರು. ಹಿಸುಕಲು ಒಂದು ರಬ್ಬರ್ ಚೆಂಡು ಕೊಟ್ಟಿದ್ದರು. ಈ ಚೆಂಡು ನನಗೇನು ಅನ್ಯಾಯ ಮಾಡಿದೆ ಅಂತ ಹಿಸುಕಲಿ ಎಂದು ಇವರು ಅದನ್ನು ಮಂಚದ ಕೆಳಗೆ ಉರುಳಿಸಿದರು.

ನಮ್ಮ ಯಜಮಾನರಿಗೆ ಒಂದೇ ಒಂದು ಶೋಕಿ. ಪ್ರತಿ ಭಾನುವಾರ ದಾವಣಗೆರೆಗೆ ಹೋಗಿ ಬೆಣ್ಣೆ ದೋಸೆ ತಿನ್ನುವುದು. ದೋಸೆಗೆ ಚಮಚ ತಗುಲಿಸುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಅಂಥವರ ಜೊತೆ ಒಂದೇ ಮೇಜಿಗೂ ಕೂರುತ್ತಿರಲಿಲ್ಲ. ಈಗ ಮಗ, ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆ, ಅಮ್ಮ ತಿನ್ನಿಸುತ್ತಾಳೆ ಅಂತ ಎಷ್ಟು ಹೇಳಿದರೂ ಒಪ್ಪಲಿಲ್ಲ.

"ಜನರ ಮುಂದೆ ತುತ್ತು ಹಾಕಿಸ್ಕೊಂಡು ತಿನ್ನಲ್ಲ. ನನ್ನ ಕೈಲೆ ತಿನ್ನಾಕೆ ಆದ ದಿನ ದೋಸಿಗೆ ಹೋಗ್ತೀನಿ. ಆಗ್ಲಿಲ್ಲ ಅಂದ್ರೆ ಬ್ಯಾಡ."

ದೋಸೆ ನಿಂತಿತು. ಅದರ ಹಿಂದೆಯೇ ವಾಕಿಂಗ್ ನಿಂತಿತು, ಗೆಳೆಯರ ಮನೆ ನಿಂತಿತು, ಜಗಲಿಯಲ್ಲಿ ಕೂರುವುದೂ ನಿಂತಿತು. ಮನೆಯಲ್ಲಿ ನಾನೇ ಊಟ ಮಾಡಿಸುತ್ತಿದ್ದೆ. ಬಾಯಿ ತೆರೆಯುವಾಗ ಅವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ರುಚಿಗೆ ಮುಚ್ಚುತ್ತಾರೆ ಅಂತ ನಾನು ಅಂದುಕೊಂಡಿದ್ದೆ. ರುಚಿಗಲ್ಲ ಅಂತ ಕಂಡುಹಿಡಿದವಳು ಸೊಸೆ.

ಅವಳು ಕಂಪನಿಯಲ್ಲಿ ಕೇಳಿಕೊಂಡು ಬೆಳಗಿನ ಕೆಲಸವನ್ನು ಮನೆಗೆ ತಂದಳು. ಒಂದು ದಿನ ನಾನು ಕಲಸಿದ ತುತ್ತನ್ನು ಕೈಯಲ್ಲಿ ಹಿಡಿದಿದ್ದಾಗ, ನನ್ನ ತಟ್ಟೆಯನ್ನು ಎಳೆದುಕೊಂಡು ಬೇರೊಂದು ತಟ್ಟೆಯನ್ನು ಮಾವನ ಮುಂದೆ ಇಟ್ಟಳು. ಅದರಲ್ಲಿ ಅನ್ನ ಇರಲಿಲ್ಲ, ಚಪಾತಿಗೆ ನಾದಿದ ಹಿಟ್ಟಿನ ಉಂಡೆ ಇತ್ತು. ಇದು ಮೊದಲನೇ ಹಂತ, ಇದನ್ನು ಚೂರು ಚೂರು ಮಾಡಬೇಕು ಅಂದಳು. ಎದುರಿನ ಕುರ್ಚಿಯಲ್ಲಿ ಅಂಗೈಗಳ ಮೇಲೆ ಕೂತಳು. ಯಜಮಾನರು ನನ್ನ ಮುಖ ನೋಡಿದರು. ಫಿಟ್ಟರ್ ಕೆಲಸ ಮಾಡಿದ ಮನುಷ್ಯ, ಸವಾಲು ಅಂದರೆ ಬಿಡುತ್ತಾರೆಯೇ? ಹಿಟ್ಟು ಹರಿಯಲು ಕಾಫಿ ಆರುವಷ್ಟು ಹೊತ್ತು ಹಿಡಿಯಿತು, ಆದರೆ ಹರಿಯಿತು.

ಹಿಟ್ಟಾದ ಮೇಲೆ ಮೆತ್ತನೆಯ ಚಪಾತಿ. ಅದಾದ ಮೇಲೆ ತಟ್ಟೆ ತುಂಬ ಒಣ ಮಂಡಕ್ಕಿ. ದಾವಣಗೆರೆ ಸೀಮೆಯವರಿಗೆ ಮಂಡಕ್ಕಿ ತಿನ್ನುವುದನ್ನು ಯಾರೂ ಕಲಿಸಬೇಕಾಗಿಲ್ಲ ಅಂತ ನಾನು ಅಂದುಕೊಂಡಿದ್ದೆ. ಆದರೆ ಆ ಬೆರಳುಗಳಿಗೆ ಒಂದೂ ಕಾಳು ಸಿಗಲಿಲ್ಲ. ಹಿಡಿದದ್ದು ಜಾರಿತು, ಜಾರಿದ್ದು ಹಾರಿತು. ಕೊನೆಗೆ ಎಡಗೈಯಲ್ಲಿ ತಟ್ಟೆಯನ್ನೇ ಬೀಸಿ ಒಗೆದರು. ಮಂಡಕ್ಕಿ ಮನೆ ತುಂಬ ಚೆಲ್ಲಿತು.

ನನಗೆ ತಡೆಯಲಾಗಲಿಲ್ಲ. ನಿನ್ನ ಸ್ವಂತ ಅಪ್ಪ ಆಗಿದ್ದರೆ ಹೀಗೆ ನೋಡುತ್ತ ಕೂರುತ್ತಿದ್ದೆಯೇನು, ನಿನ್ನದು ಎದೆಯೋ ಕಲ್ಲೋ ಅಂತ ಬಾಯಿಗೆ ಬಂದದ್ದು ಅಂದೆ. ಅವಳು ಕುರ್ಚಿಯಿಂದ ಎದ್ದು ಮಾವನ ಮುಂದೆ ನೆಲದ ಮೇಲೆ ಕೂತಳು.

"ತಪ್ಪು ನಂದು ಮಾವ. ನಡುವೆ ಒಂದು ಹಂತ ಬಿಟ್ಟೆ. ನೀವು ಸೋತಿಲ್ರಿ."

ಅಷ್ಟು ಹೇಳಿ ಮಂಡಕ್ಕಿ ಬಳಿಯತೊಡಗಿದಳು. ನಾನೂ ಬಗ್ಗಿದೆ. ಆಗ ಅವಳ ಅಂಗೈಗಳು ಕಂಡವು. ನಮ್ಮ ಪ್ಲಾಸ್ಟಿಕ್ ಹೆಣೆಗೆಯ ಕುರ್ಚಿಯ ಒಂದೊಂದು ಎಳೆಯೂ ಆ ಅಂಗೈಗಳಲ್ಲಿ ಆಳವಾಗಿ, ಕೆಂಪಗೆ ಅಚ್ಚಾಗಿತ್ತು. ಬರೀ ಕೂತರೆ ಅಷ್ಟು ಒತ್ತುವುದಿಲ್ಲ. ಏಳಬೇಕು ಅಂತ ಅವಳಿಗೆ ಎಷ್ಟು ಅನ್ನಿಸಿತ್ತೋ ಅಷ್ಟೂ ಅಲ್ಲಿತ್ತು.

ಮರುದಿನ ಅವಳು ಮಂಡಕ್ಕಿಯನ್ನು ನೀರಲ್ಲಿ ನೆನೆಸಿ ಹಿಂಡಿ, ಒಗ್ಗರಣೆ ಹಾಕಿ ಕೊಟ್ಟಳು. ನೆನೆದ ಮಂಡಕ್ಕಿ ಒಂದಕ್ಕೊಂದು ಅಂಟಿಕೊಂಡು ಬೆರಳಿಗೆ ಸಿಕ್ಕಿತು. ಅದಾದ ಮೇಲೆ ಶೇಂಗಾ, ಅದಾದ ಮೇಲೆ ಮತ್ತೆ ಒಣ ಮಂಡಕ್ಕಿ. ಒಮ್ಮೆ ಕೊಂಡಜ್ಜಿಯ ಅಕ್ಕ ಬಂದಾಗ ಇದೇ ನಡೆಯುತ್ತಿತ್ತು. ಇದೆಂಥ ಸೊಸೆ, ಮಾವ ಒದ್ದಾಡ್ತಾ ಇದ್ರೆ ಕೂತು ನೋಡ್ತಾಳೆ ಅಂತ ಅವಳು ನನ್ನ ಕಿವಿಯಲ್ಲಿ ಅಂದಳು. ಅವಳಿಗೆ ಏನು ಹೇಳಲಿ? ನಾನೂ ಆಗ ನನ್ನ ಅಂಗೈಗಳ ಮೇಲೆ ಕೂತಿದ್ದೆ! ಸುಮ್ಮನೆ ನೋಡು ಅಂದೆ. ಹೇಳಿದರೆ ನಂಬುವುದಿಲ್ಲ, ಸಹಾಯ ಮಾಡದೆ ಕೂರುವುದರಷ್ಟು ಸುಸ್ತು ಮಾಡುವ ಕೆಲಸವನ್ನು ನಾನು ಜನ್ಮದಲ್ಲಿ ಮಾಡಿಲ್ಲ.

ಕೈ ಒಂದೇ ಸಲ ಬರಲಿಲ್ಲ. ಬಂದ ಹಾಗೆ ಮಾಡಿ ಹಿಂದೆ ಹೋಯಿತು, ಮತ್ತೆ ಬಂತು. ಅವರೂ ಬಿಡಲಿಲ್ಲ, ಅವಳೂ ಬಿಡಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಯಜಮಾನರು ತಾವಾಗಿಯೇ ಇಸ್ತ್ರಿ ಅಂಗಿ ಕೇಳಿದರು.

ದಾವಣಗೆರೆಯ ಅದೇ ಹಳೇ ದೋಸೆ ಹೋಟೆಲು, ಅದೇ ಉದ್ದನೆಯ ಬೆಂಚು. ಮಗ ಕಾರು ನಿಲ್ಲಿಸಲು ಜಾಗ ಹುಡುಕಿಕೊಂಡು ಹೋಗಿದ್ದ. ಒಂದು ಕಡೆ ಅವರು, ಎದುರಿಗೆ ನಾನು ಮತ್ತು ಸೊಸೆ. ದೋಸೆ ಬಂತು, ಮೇಲೆ ಬೆಣ್ಣೆ ಕರಗುತ್ತಿತ್ತು. ಅವರು ಬಲಗೈ ಇಟ್ಟು ಒಂದು ಅಂಚನ್ನು ಹಿಡಿದರು. ದೋಸೆ ಹರಿಯುವ ಬದಲು ತಟ್ಟೆಯೇ ಸರಿಯಿತು. ಮತ್ತೆ ಹಿಡಿದರು. ಅವರ ಪಕ್ಕದಲ್ಲಿ ತಿನ್ನುತ್ತಿದ್ದ ಅಪರಿಚಿತರೊಬ್ಬರು ಮರುಕದಿಂದ ಕೈ ಚಾಚಿದರು. ತಡೆದವಳು ನಾನು.

"ಬ್ಯಾಡ್ರಿ. ಅವರೇ ಮುರೀತಾರೆ. ನೀವು ಕೂಡ್ರಿ."

ಆ ಮನುಷ್ಯ ನನ್ನನ್ನು ವಿಚಿತ್ರವಾಗಿ ನೋಡಿದರು. ನೋಡಲಿ! ನಾವಿಬ್ಬರೂ ಬೆಂಚಿನ ಮೇಲೆ ಅಂಗೈ ಕೆಳಗಿಟ್ಟುಕೊಂಡು ಕೂತಿದ್ದೆವು, ದೋಸೆ ಆರಿಹೋಗುತ್ತಿತ್ತು.

ಮೊದಲ ಚೂರು ಬೆರಳಿಂದ ಜಾರಿ ಚಟ್ನಿಗೆ ಬಿತ್ತು. ಎರಡನೆಯದು ಬಿಡಿಸಿಕೊಂಡು ಬಂತು. ಅವರು ಅದನ್ನು ಪಲ್ಯಕ್ಕೆ ಒತ್ತಿದರು, ಚಟ್ನಿಗೆ ಅದ್ದಿದರು, ಎತ್ತಿದರು. ಈ ಸಲ ತುತ್ತು ಬೀಳಲಿಲ್ಲ. ಇನ್ನೇನು ಬಾಯಿಗೆ ಹೋಯಿತು ಅಂತ ನಾನು ಉಸಿರು ಹಿಡಿದೆ. ಅದು ಬಾಯಿಗೆ ಹೋಗಲಿಲ್ಲ. ಮೇಜಿನ ಮೇಲಿಂದ ನಿಧಾನವಾಗಿ ನಮ್ಮ ಕಡೆಗೆ ಬಂದು ಸೊಸೆಯ ಮುಖದ ಮುಂದೆ ನಿಂತಿತು.

"ಬಾಯಿ ತಗಿ ತಾಯಿ."

ಅವಳ ಎರಡೂ ಕೈ ತೊಡೆಯ ಕೆಳಗೆ. ಬಾಯಿ ತೆರೆಯದೆ ಏನು ಮಾಡುತ್ತಾಳೆ? ತೆರೆದಳು. ಅಗಿಯುತ್ತಲೇ ಅವಳ ಕಣ್ಣು ತುಂಬಿ ಹರಿಯಿತು. ಒರೆಸಿಕೊಳ್ಳುವುದಕ್ಕೂ ಕೈ ತೆಗೆಯಲಿಲ್ಲ ಆ ಹಟಮಾರಿ, ಮಾವನ ಆಟ ಇನ್ನೂ ಮುಗಿದಿರಲಿಲ್ಲವಲ್ಲ.

ನಿಯಮ ಮುರಿದವಳು ನಾನೇ. ಕೈ ಹೊರಗೆ ತೆಗೆದು, ಸೆರಗಿನಿಂದ ಅವಳ ಕಣ್ಣು ಒರೆಸಿದೆ.